ಮೋಕ್ಷವೂ ರಕ್ಷಣೆಯೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ ಎಂಬುದನ್ನು ಬಲ್ಲವರು ಅನೇಕರು; ಅದರಲ್ಲಿ ಏನಿದೆ ಎಂಬುದನ್ನು ಬಲ್ಲವರು ಅಷ್ಟು ಮಂದಿ ಇರಲಾರರು. ಧರ್ಮದ ದಾರಿಯಲ್ಲಿ ಬಿಡದೆ ಪ್ರಯತ್ನಪಟ್ಟರೆ ಸ್ವರ್ಗವು ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ದೊರೆಯುತ್ತದೆಂಬುದು ಅದರ ಒಂದು ಮುಖ್ಯ ತಾತ್ಪರ್ಯ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಮಾತನ್ನು ೧೮೯೨ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಅವರ ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು. ೧೮೩೭ರಿಂದ ಐವತ್ತು ವರ್ಷ ಬೆಂಗಳೂರಿನಲ್ಲಿದ್ದು ಕನ್ನಡದಲ್ಲಿ ಬೋಧಿಸಿದವರು, ಕನ್ನಡ ಬೈಬಲನ್ನು ತಿದ್ದುವ ಕಾರ್ಯದಲ್ಲಿ ಭಾಗಿಗಳಾದವರು. ಮಗನು ಕಂಡ ಬಂಡೆ ಪ್ರಯತ್ನದಿಂದ ಸ್ವರ್ಗವೆಂದಿತು. ತಂದೆ ತಿದ್ದಿದ ಗ್ರಂಥವೋ ರಕ್ಷಣೆಯು ಪ್ರಯತ್ನದ ಕೂಲಿಯಲ್ಲ, ದೇವರ ದಾನ ಎಂದಿತು. ಒಂದೇ ಮನೆಯ ಇಬ್ಬರ ಕೈಯಲ್ಲಿ ಹಾದುಹೋದ ಈ ಎರಡು ಮಾತುಗಳ ಅಂತರವನ್ನು ತಿಳಿದರೆ ಕ್ರೈಸ್ತ ಮತದ ತಿರುಳನ್ನೇ ತಿಳಿದಂತೆ.

ಮೊದಲು ಪದವನ್ನು ನೋಡೋಣ. ದುರ್ಗದ ನೆರೆಯ ಬಳ್ಳಾರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದದ್ದು ೧೮೧೦ರಲ್ಲಿ. ಬೈಬಲನ್ನು ಕನ್ನಡಿಸುವ ದೊಡ್ಡ ಕೆಲಸಕ್ಕೆ ಅಲ್ಲಿ ಕೈಹಾಕಿದವರು ಅವರು; ೧೮೩೨ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ವಿಲಿಯಂ ರೀವ್ ಅವರಿಗೆ ನೆರವಾದರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಆ ಅನುವಾದವನ್ನು ಮುಂದೆ ಪರಿಷ್ಕರಿಸಿದರು. ಹಳೆಯ ಮೈಸೂರು ಸಂಸ್ಥಾನದ ಊರುಗಳಲ್ಲಿ ವೆಸ್ಲಿಯನ್ ಮಿಷನ್ನಿನವರು ಬೋಧಿಸಿದರು. ಹೀಗೆ ಬಳ್ಳಾರಿ, ಧಾರವಾಡ, ಮೈಸೂರುಗಳ ಕಡೆಯಿಂದ ಬಂದ ಮೂರು ಬೋಧನೆಗಳ ನಡುವೆ ಚಿತ್ರದುರ್ಗದ ಸೀಮೆ ನಿಂತಿತ್ತು.

ಈ ಅನುವಾದಕರೆಲ್ಲರ ಮುಂದೆ ಮೋಕ್ಷ, ಮುಕ್ತಿ ಎಂಬ ಸಿದ್ಧಪದಗಳಿದ್ದವು. ಸಾವಿರಾರು ವರ್ಷಗಳ ಬಳಕೆಯಿಂದ ಪಳಗಿದ, ಹಳ್ಳಿಯ ಭಜನೆಯವರಿಗೂ ತಿಳಿದ ಮಾತುಗಳವು. ಆದರೂ ಕನ್ನಡ ಬೈಬಲಿನಲ್ಲಿ ನೆಲೆನಿಂತದ್ದು ರಕ್ಷಣೆ. ತೆಲುಗು, ತಮಿಳು, ಮಲಯಾಳಗಳಲ್ಲಿಯೂ ಅದೇ ಧಾತುವಿನ ಪದಗಳೇ ನಿಂತವು. ಮರಾಠಿಗರು ತಾರಣವೆಂದರು, ಬಂಗಾಳಿಗರು ಪರಿತ್ರಾಣವೆಂದರು. ಕನ್ನಡದ ಕಥೋಲಿಕರಲ್ಲಿ ಉದ್ಧಾರ, ಜೀವೋದ್ಧಾರ ಎಂಬ ಮಾತುಗಳೂ ಉಂಟು. ಇವೆಲ್ಲವುಗಳಲ್ಲಿ ಒಂದು ಸಾಮ್ಯವಿದೆ. ಬಿಡುಗಡೆಯನ್ನು ತಾನೇ ಸಾಧಿಸಿಕೊಳ್ಳಬಹುದು; ಆದರೆ ರಕ್ಷಣೆ ಎಂದೊಡನೆ ರಕ್ಷಿಸುವವನೊಬ್ಬ ಬೇಕು. ತಾರಣಕ್ಕೆ ದಾಟಿಸುವವನು, ಉದ್ಧಾರಕ್ಕೆ ಮೇಲೆತ್ತುವವನು ಬೇಕು. ವ್ಯಾಕರಣದಲ್ಲಿಯೇ ಒಂದು ಸಿದ್ಧಾಂತ ಅಡಗಿದೆ.

ಮೋಕ್ಷವೆಂದರೆ ಹುಟ್ಟುಸಾವುಗಳ ತಿರುಗಣಿಯಿಂದ ಬಿಡುಗಡೆ. ಅಲ್ಲಿ ಕಟ್ಟು ಕರ್ಮದ್ದು. ಕ್ರೈಸ್ತರ ನಂಬಿಕೆಯಲ್ಲಿ ಪುನರ್ಜನ್ಮವಿಲ್ಲ. ಇರುವುದೊಂದೇ ಬಾಳು, ಅದನ್ನು ಕೆಡಿಸಿರುವುದು ಪಾಪ. ಪಾಪವೆಂದರೆ ತಪ್ಪುಗಳ ಪಟ್ಟಿಯಷ್ಟೇ ಅಲ್ಲ, ದೇವರಿಗೆ ಬೆನ್ನು ತಿರುಗಿಸಿ ನಿಂತ ಮನಸ್ಸಿನ ಸ್ಥಿತಿ. ಆ ಮುರಿದ ಸಂಬಂಧವನ್ನು ಯೇಸುವಿನ ಶಿಲುಬೆಯ ಮರಣ ಮತ್ತು ಪುನರುತ್ಥಾನಗಳ ಮೂಲಕ ದೇವರೇ ಮತ್ತೆ ಕೂಡಿಸುತ್ತಾನೆಂಬುದು ಅವರ ವಿಶ್ವಾಸ. ಯೇಸು ಎಂಬ ಹೆಸರಿನ ಹೀಬ್ರೂ ಮೂಲಕ್ಕೂ ದೇವರು ರಕ್ಷಿಸುತ್ತಾನೆಂಬುದೇ ಅರ್ಥ. ರಕ್ಷಿತನಾದವನು ದೇವರಲ್ಲಿ ಕರಗಿಹೋಗುವುದಿಲ್ಲ. ಮಗನಂತೆ ಮನೆಗೆ ಮರಳುತ್ತಾನೆ.

ದುರ್ಗದವರಿಗೆ ರಕ್ಷಣೆ ಎಂದೊಡನೆ ಕಣ್ಣಿಗೆ ಕಟ್ಟುವುದು ಏಳು ಸುತ್ತಿನ ಕೋಟೆ. ಬೈಬಲಿನ ಹಳೆಯ ಭಾಗದಲ್ಲಿಯೂ ಅರ್ಥ ಇಂಥದೇ: ಐಗುಪ್ತದ ದಾಸ್ಯದಿಂದ ಇಸ್ರಾಯೇಲ್ಯರು ಪಾರಾದದ್ದು ಅಲ್ಲಿ ರಕ್ಷಣೆಯ ಮಾದರಿ. ಆದರೆ ಕೋಟೆ ತಡೆಯುವುದು ಹೊರಗಿನ ಶತ್ರುವನ್ನು. ಅದೂ ಸದಾ ಅಲ್ಲವೆಂಬುದು ೧೭೭೯ರಲ್ಲಿ ಹೈದರನ ಕಾಲಕ್ಕೆ ತಿಳಿಯಿತು. ಹೊಸ ಒಡಂಬಡಿಕೆಯಲ್ಲಿ ಶತ್ರು ಒಳಗೇ ಇದ್ದಾನೆ. ಅದರ ಗ್ರೀಕ್ ಮೂಲದಲ್ಲಿ ರೋಗಿಯನ್ನು ಗುಣಪಡಿಸುವುದಕ್ಕೂ ಪಾಪಿಯನ್ನು ರಕ್ಷಿಸುವುದಕ್ಕೂ ಅನೇಕ ಕಡೆ ಒಂದೇ ಕ್ರಿಯಾಪದ ಬಂದಿದೆ. ಜಕ್ಕಾಯನೆಂಬ ಸುಂಕದವನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದಾಗ, ರಕ್ಷಣೆ ಆ ದಿನವೇ ಆ ಮನೆಗೆ ಬಂತೆಂದು ಯೇಸು ಹೇಳುತ್ತಾನೆ. ಸತ್ತ ಮೇಲಿನ ಲೋಕವೊಂದಕ್ಕೇ ಸೇರಿದ ಸಂಗತಿ ಇದಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಮನುಷ್ಯನ ಪ್ರಯತ್ನಕ್ಕೆ ಬೆಲೆಯಿಲ್ಲವೆ? ಕ್ರೈಸ್ತರಲ್ಲಿಯೇ ಇದು ಹಳೆಯ ವ್ಯಾಜ್ಯ. ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಎಂಬುದು ಪೌಲನ ಪಕ್ಷ; ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂಬುದು ಯಾಕೋಬನ ಪತ್ರಿಕೆಯ ಎಚ್ಚರಿಕೆ. ಪಾಪದಂಡನೆಯ ವಿನಾಯಿತಿ ಪತ್ರಗಳನ್ನು ಹಣಕ್ಕೆ ಮಾರುವುದನ್ನು ಕಂಡು ೧೫೧೭ರಲ್ಲಿ ಮಾರ್ಟಿನ್ ಲೂಥರ್ ಪ್ರತಿಭಟಿಸಿದಾಗ ಪಶ್ಚಿಮದ ಸಭೆಯೇ ಒಡೆಯಿತು. ಎರಡು ಪಕ್ಷದವರು ಕುಳಿತು, ಕೃಪೆಯೇ ಮೊದಲು, ಸತ್ಕ್ರಿಯೆ ಅದರ ಫಲ ಎಂಬ ಒಪ್ಪಂದಕ್ಕೆ ಸಹಿ ಹಾಕಿದ್ದು ೧೯೯೯ರಲ್ಲಿ, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ. ನಮ್ಮ ವೆಸ್ಲಿಯನ್ ಪಾದ್ರಿಗಳ ಪರಂಪರೆಗೆ ಸೇರಿದ ಮೆಥಡಿಸ್ಟರು ೨೦೦೬ರಲ್ಲಿ ಅದಕ್ಕೆ ಕೂಡಿಕೊಂಡರು.

ಈ ವ್ಯಾಜ್ಯ ನಮಗೆ ಅಪರಿಚಿತವಲ್ಲ. ಮರಿ ತಾನೇ ತಾಯಿಯನ್ನು ಅಪ್ಪಿ ಹಿಡಿಯುವುದು ಮರ್ಕಟ ನ್ಯಾಯ, ತಾಯಿಯೇ ಮರಿಯನ್ನು ಕಚ್ಚಿ ಒಯ್ಯುವುದು ಮಾರ್ಜಾಲ ನ್ಯಾಯ ಎಂದು ಶ್ರೀವೈಷ್ಣವರು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಕಾಯಕವನ್ನು ಎತ್ತಿಹಿಡಿದ ಶರಣರು ಗುರುಕಾರುಣ್ಯವನ್ನು ಬಿಡಲಿಲ್ಲ. ಹಿರಿಯೂರಿನ ರೈತರನ್ನು ಕೇಳಿದರೆ ಇದನ್ನೇ ಇನ್ನೂ ಸುಲಭವಾಗಿ ಹೇಳಿಯಾರು. ಮಾರಿಕಣಿವೆಯ ಕಟ್ಟೆ ಮುಗಿದದ್ದು ೧೯೦೭ರಲ್ಲಿ; ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿದ್ದದ್ದು ೧೯೩೩ರಲ್ಲಿ; ಮತ್ತೆ ಕೋಡಿ ಬೀಳಲು ಎಂಬತ್ತೊಂಬತ್ತು ವರ್ಷ ಕಳೆದು ೨೦೨೨ ಬರಬೇಕಾಯಿತು. ಕಟ್ಟೆ ಮನುಷ್ಯರ ದುಡಿಮೆ, ಮಳೆ ಯಾರ ಕೂಲಿಯೂ ಅಲ್ಲ. ಆದರೆ ಕಟ್ಟೆಯಿಲ್ಲದಿದ್ದರೆ ಬಂದ ನೀರೂ ನಿಲ್ಲದು. ಹೊಳಲ್ಕೆರೆ, ಹೊಸದುರ್ಗಗಳ ತೋಟದವರಿಗೂ ಈ ಲೆಕ್ಕವನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಇನ್ನು, ಈ ತತ್ತ್ವವನ್ನು ಒರೆಗೆ ಹಚ್ಚಿದ ಇತಿಹಾಸ. ೧೮೭೬–೭೮ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಪಾದ್ರಿಗಳು ಗಂಜಿ ಎರೆದರು, ತಬ್ಬಲಿ ಮಕ್ಕಳಿಗೆ ಅನಾಥಾಲಯಗಳನ್ನು ತೆರೆದರು. ಹೊಟ್ಟೆಗಿಲ್ಲದವನಿಗೆ ಅನ್ನವೇ ಮೊದಲ ರಕ್ಷಣೆ. ಅದನ್ನು ಕೊಟ್ಟವರ ಉಪಕಾರ ಸಣ್ಣದಲ್ಲ. ಆದರೆ ಅನ್ನ ಕೊಟ್ಟ ಕೈಯೇ ದೀಕ್ಷೆಯನ್ನೂ ಕೊಟ್ಟಾಗ, ಬಂದವನು ನಂಬಿ ಬಂದನೋ ಹಸಿದು ಬಂದನೋ ಎಂಬ ಸಂದೇಹ ಹುಟ್ಟಿತು. ಈ ಸಂದೇಹ ಹೊರಗಿನವರದಷ್ಟೇ ಆಗಿರಲಿಲ್ಲ, ಮಿಷನ್ನುಗಳ ಒಳಗೂ ಇತ್ತು.

ಅದು ಇಂದಿಗೂ ಹೋಗಿಲ್ಲ. ೨೦೨೧ರಲ್ಲಿ ಹೊಸದುರ್ಗದ ಅಂದಿನ ಶಾಸಕರು ವಿಧಾನಸಭೆಯಲ್ಲಿ ಮತಾಂತರದ ವಿಷಯವನ್ನೆತ್ತಿದರು. ೨೦೨೨ರಲ್ಲಿ ಬಲವಂತ, ಆಮಿಷಗಳ ಮತಾಂತರವನ್ನು ನಿಷೇಧಿಸುವ ಕಾನೂನು ಬಂತು. ೨೦೨೩ರಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತು. ಕಾನೂನಿನ ಸಾಧಕಬಾಧಕಗಳನ್ನು ವಿಧಾಯಕರಿಗೂ ನ್ಯಾಯಾಲಯಗಳಿಗೂ ಬಿಡೋಣ. ಪದದ ಅರ್ಥವನ್ನು ಬಲ್ಲವರು ಒಂದು ಮಾತನ್ನು ಮಾತ್ರ ಹೇಳಬಹುದು: ಆಮಿಷಕ್ಕೆ ದೊರೆತದ್ದು ಕ್ರೈಸ್ತರ ಸ್ವಂತ ಶಾಸ್ತ್ರದ ಪ್ರಕಾರವೇ ರಕ್ಷಣೆಯಲ್ಲ. ಬೆಲೆ ಕಟ್ಟಿ ಮಾರುವುದನ್ನು ಲೂಥರನೇ ತಿರಸ್ಕರಿಸಿದನಷ್ಟೆ? ಹಾಗೆಯೇ, ದಾನವೆಂದು ನಂಬಿ ಮನಸಾರೆ ಸ್ವೀಕರಿಸಿದವನನ್ನು ಏನು ಪಡೆದು ಹೋದೆ ಎಂದು ಹಂಗಿಸುವುದೂ ಆ ಮಾತಿನ ಅರ್ಥ ತಿಳಿಯದವರ ಕೆಲಸ. ಊರಿನ ಬಾವಿಗೆ ಇಳಿಯಗೊಡದಿದ್ದ ಜಾತಿಯವನಿಗೆ, ದೇವರು ನಿನ್ನನ್ನು ಮಗನೆಂದು ಕರೆದಿದ್ದಾನೆ ಎಂಬ ಮಾತು ಎಷ್ಟು ದೊಡ್ಡದಾಗಿ ಕೇಳಿಸಿದ್ದೀತೆಂಬುದನ್ನು ಇಳಿಯಬಲ್ಲವರು ಊಹಿಸಿಕೊಳ್ಳಬೇಕು.

ಬ್ರಹ್ಮಗಿರಿಯ ಬಂಡೆಯೂ ಕನ್ನಡ ಬೈಬಲೂ ದಾರಿಯ ವಿಷಯದಲ್ಲಿ ಬೇರೆಬೇರೆ. ಒಂದು ಪ್ರಯತ್ನವನ್ನು ನೆಚ್ಚುತ್ತದೆ, ಇನ್ನೊಂದು ಕೃಪೆಯನ್ನು. ಆದರೆ ಬಾಗಿಲು ದೊಡ್ಡವರಿಗಷ್ಟೇ ತೆರೆದಿಲ್ಲವೆಂಬಲ್ಲಿ ಎರಡಕ್ಕೂ ಒಮ್ಮತ. ಚಿಕ್ಕವರನ್ನು ಹೊರಗೆ ನಿಲ್ಲಿಸಿದ ಯಾವ ಮತವಾದರೂ, ಅದು ಮೋಕ್ಷವೆನ್ನಲಿ, ರಕ್ಷಣೆಯೆನ್ನಲಿ, ಈ ಎರಡು ಸಾಕ್ಷಿಗಳಿಗೂ ಉತ್ತರ ಹೇಳಬೇಕಾಗುತ್ತದೆ.