ಮಾಯದ ಹುಣ್ಣು, ಎರಡು ವಾರದ ಗಡುವು: ಗೋಕಾಕ, ಮೂಡಲಗಿ, ಹುಕ್ಕೇರಿಗಳಿಗೆ ಕ್ಯಾನ್ಸರ್ ಲಕ್ಷಣಗಳ ಪಟ್ಟಿ ಹೇಗಿರಬೇಕು?

ಕ್ಯಾನ್ಸರ್ ಜಾಗೃತಿಯ ಕರಪತ್ರಗಳಲ್ಲಿ ಪದೇಪದೇ ಕಾಣುವ ‘ಏಳು ಅಪಾಯ ಸೂಚನೆಗಳು’ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಕಳೆದ ಶತಮಾನದಲ್ಲಿ ಜನಪ್ರಿಯಗೊಳಿಸಿದ ಪಟ್ಟಿ. ಮಲಮೂತ್ರದ ರೂಢಿಯಲ್ಲಿ ವ್ಯತ್ಯಾಸ, ಮಾಯದ ಹುಣ್ಣು, ಅಸಹಜ ರಕ್ತಸ್ರಾವ, ಗಂಟು, ನುಂಗಲು ಕಷ್ಟ, ಮಚ್ಚೆಯಲ್ಲಿ ಬದಲಾವಣೆ, ಬಿಡದ ಕೆಮ್ಮು ಅಥವಾ ಒಡೆದ ಧ್ವನಿ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಈ ಪಟ್ಟಿಯನ್ನು ಇದ್ದ ಹಾಗೆಯೇ ಬೆಳಗಾವಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೆ ತರುವುದು ಸರಿಯಲ್ಲ ಎಂಬುದು ಪ್ರಸ್ತುತ ಲೇಖನದ ವಾದ.

ಇಲ್ಲಿನ ಬಾಯಿ ಕ್ಯಾನ್ಸರಿನಲ್ಲಿ ತಂಬಾಕಿನ ಪಾತ್ರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಜನ ತಂಬಾಕು ಬಳಸುತ್ತಿದ್ದರು. ಅಗಿಯುವ, ಹಚ್ಚಿಕೊಳ್ಳುವ ಬಗೆಯನ್ನು ಬಳಸುವವರೇ ಶೇ 16.3. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿತು. ಹುಕ್ಕೇರಿಯ ಪಕ್ಕದ ನಿಪ್ಪಾಣಿ ಬೀಡಿ ತಂಬಾಕಿನ ಹಳೆಯ ಮಾರುಕಟ್ಟೆ.

ಇನ್ನು ಪಟ್ಟಿಯ ಕ್ರಮದ ಪ್ರಶ್ನೆ. ಮಚ್ಚೆಯಿಂದ ಹುಟ್ಟುವ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬಿಳಿ ಚರ್ಮದ ಜನರಲ್ಲಿ ಹೆಚ್ಚು. ನಮ್ಮಲ್ಲಿ ಅಪರೂಪ, ಬಂದರೂ ಹೆಚ್ಚಾಗಿ ಅಂಗಾಲಿನಲ್ಲಿ. ಎರಡು ವಾರ ದಾಟಿದ ಕೆಮ್ಮಿಗೆ ಇಲ್ಲಿ ಮೊದಲು ಮಾಡಿಸಬೇಕಾದದ್ದು ಕ್ಷಯದ ಕಫ ಪರೀಕ್ಷೆ. ಬಾಯಿಯ ವಿಷಯ ಹಾಗಲ್ಲ. ತಂಬಾಕು ಸುಣ್ಣದ ಉಂಡೆಯನ್ನು ದಿನವೂ ಇಡುವ ಕೆನ್ನೆಯ ಒಳಮೈಯಲ್ಲಿ, ಒರೆಸಿದರೂ ಹೋಗದ ಬಿಳಿ ಕಲೆ ಏಳುತ್ತದೆ. ಕೆಂಪು ಕಲೆ ಅದಕ್ಕಿಂತ ಅಪಾಯಕಾರಿ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಒಳಮೈ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂಬಲ್ಲುಗಳ ನಡುವೆ ತೂರಿಸಲಾಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಖಾರ ತಿಂದರೆ ಉರಿಯುವುದು ಇದಕ್ಕೂ ಮೊದಲಿನ ಸೂಚನೆ. ಈ ಉರಿಯನ್ನು ಬಿಟ್ಟರೆ, ಬಾಯಿಯ ಈ ಕಲೆಗಳು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದ್ದನ್ನು ರೋಗವೆಂದು ಯಾರೂ ಎಣಿಸದಿರುವುದೇ ತಡವಾಗುವುದಕ್ಕೆ ದೊಡ್ಡ ಕಾರಣ.

ನಿಜವಾದ ವಿವಾದ ಇರುವುದು ಮುಂದಿನ ಮಾತಿನಲ್ಲಿ. ಲಕ್ಷಣ ತಿಳಿಸಿಕೊಟ್ಟ ಮಾತ್ರಕ್ಕೆ ಜೀವ ಉಳಿಯುತ್ತದೆಯೇ? ಸಂದೇಹಪಡುವವರ ಬಳಿ ಗಟ್ಟಿ ಆಧಾರವಿದೆ. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳ ಪೈಕಿ ಏಳರಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ 35 ದಾಟಿದವರ ಬಾಯಿ ನೋಡಿದ ಪ್ರಯೋಗದ ಫಲಿತಾಂಶ 2005ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ 34ರಷ್ಟು ಇಳಿದಿತ್ತು; ಆದರೆ ಎಲ್ಲರನ್ನೂ ಸೇರಿಸಿ ನೋಡಿದಾಗ ಇಳಿಕೆ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ. ಅಲ್ಲದೆ ಅಲ್ಲಿ ಬಾಯಿ ನೋಡಿದ್ದು ಕಾರ್ಯಕರ್ತರು, ಲಕ್ಷಣ ಗುರುತಿಸಿ ತಾವೇ ಬಂದವರಲ್ಲ. ಆದ್ದರಿಂದ ಕೇರಳದ ಪ್ರಯೋಗವೊಂದನ್ನೇ ಮುಂದಿಟ್ಟು ‘ಜಾಗೃತಿ ಸಾಕು’ ಎನ್ನುವಂತಿಲ್ಲ.

ಸೋಲಾಪುರ ಜಿಲ್ಲೆಯ ಬಾರ್ಶಿಯ ಅನುಭವ ಬೇರೊಂದು ಬೆಳಕು ಚೆಲ್ಲುತ್ತದೆ. ಅಲ್ಲಿ 1987ರಲ್ಲಿ ಶುರುವಾದ ಗ್ರಾಮೀಣ ಕ್ಯಾನ್ಸರ್ ನೋಂದಣಿಯ ಸಿಬ್ಬಂದಿ ಹಳ್ಳಿಗಳಿಗೆ ಹೋಗಿ ಲಕ್ಷಣಗಳನ್ನು ವಿವರಿಸಿ, ಅವು ಕಂಡವರನ್ನು ಆಸ್ಪತ್ರೆಗೆ ಹೋಗುವಂತೆ ಒತ್ತಾಯಿಸುತ್ತಿದ್ದರು. ಗರ್ಭಕಂಠದ ಕ್ಯಾನ್ಸರ್ ಇದ್ದ ಮಹಿಳೆಯರು ಮುಂಚಿಗಿಂತ ಬೇಗನೆ, ಆರಂಭದ ಹಂತದಲ್ಲೇ ಬರತೊಡಗಿದರೆಂದು 1995ರಲ್ಲಿ ಕಸ್ತೂರಿ ಜಯಂತ್ ಮತ್ತು ಸಂಗಡಿಗರು ವರದಿ ಮಾಡಿದರು. ಲಕ್ಷಣ ತಿಳಿಸುವುದು ಫಲ ಕೊಡುತ್ತದೆ, ಆದರೆ ಗೋಡೆಯ ಮೇಲಿನ ಪಟ್ಟಿಯಿಂದಲ್ಲ, ಮನೆಗೆ ಬಂದು ಕೇಳುವ ವ್ಯಕ್ತಿಯಿಂದ ಎಂಬ ತೀರ್ಮಾನಕ್ಕೆ ಇದು ಎಡೆಮಾಡಿಕೊಡುತ್ತದೆ. ಇದನ್ನು ಎಚ್ಚರದಿಂದಲೇ ಹೇಳಬೇಕು. ಬಾರ್ಶಿಯದು ಮೊದಲು–ಆಮೇಲಿನ ಹೋಲಿಕೆ. ಅಲ್ಲಿ ಅಳೆದದ್ದು ರೋಗದ ಹಂತವನ್ನು, ಸಾವನ್ನಲ್ಲ. ಮೇಲಾಗಿ ಗರ್ಭಕಂಠದ ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳಿಗೆ ಲಕ್ಷಣವೇ ಇಲ್ಲ. ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ, ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿಗಾಗಿ ಒಮ್ಮೆ ಮಾತ್ರ ಮಾಡಿದ ಪರೀಕ್ಷೆಯೇ ಸಾವನ್ನು ಸುಮಾರು ಅರ್ಧಕ್ಕಿಳಿಸಿತೆಂದು 2009ರ ವರದಿ ಹೇಳುತ್ತದೆ. ಅಂದರೆ ಗರ್ಭಕಂಠಕ್ಕೆ ಪರೀಕ್ಷೆಯೇ ಮುಖ್ಯ. ಬಾಯಿಗೆ ಕಣ್ಣೂ ಬೆರಳೂ ಬಹುಪಾಲು ಸಾಕು.

ಮನೆಗೆ ಬಂದು ಕೇಳುವ ಆ ವ್ಯಕ್ತಿ ನಮ್ಮಲ್ಲಿ ಈಗಾಗಲೇ ಇದ್ದಾಳೆ. 30 ದಾಟಿದವರಿಗಾಗಿ ಆಶಾ ಕಾರ್ಯಕರ್ತೆ ತುಂಬುವ ನಮೂನೆಯಲ್ಲಿ ಎರಡು ವಾರದಲ್ಲಿ ಮಾಯದ ಬಾಯಿ ಹುಣ್ಣು ಅಥವಾ ಕಲೆ, ಬಾಯಿ ತೆರೆಯಲು ಕಷ್ಟ, ಧ್ವನಿಯ ಬದಲಾವಣೆ, ಸ್ತನದಲ್ಲಿ ಗಂಟು, ತೊಟ್ಟಿನಿಂದ ರಕ್ತ, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಇವೆಲ್ಲ ಪ್ರಶ್ನೆಗಳಾಗಿಯೇ ಇವೆ. ಅಮೆರಿಕದ ಪಟ್ಟಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ಹುಣ್ಣಿಗೆ ಇದು ಗಡುವು ಹಾಕುತ್ತದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 30ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಬಾಯಿ ತಪಾಸಣೆ ಮಾಡಿಸಿಕೊಂಡವರು ಶೇ 0.9 ಮಾತ್ರ. ಗಂಡಸರ ಕೈಯಲ್ಲಿರುವ ಗುಟ್ಕಾ ಪೊಟ್ಟಣ ಎಲ್ಲರಿಗೂ ಕಾಣುತ್ತದೆ. ಆದರೆ ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಹೆಂಗಸರ ಅಭ್ಯಾಸ ಮನೆಯೊಳಗೇ ಉಳಿಯುತ್ತದೆ; ಅದನ್ನು ಕೇಳಿಯೇ ತಿಳಿಯಬೇಕು.

ಕೇರಳದ, ಬಾರ್ಶಿಯ ಫಲಿತಾಂಶಗಳು ಘಟಪ್ರಭೆಯ ದಂಡೆಯ ಈ ತಾಲ್ಲೂಕುಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದು ಇನ್ನೂ ಸಾಬೀತಾಗಬೇಕು. ಬೆಳಗಾವಿಯ ಹಾಗೂ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗಳು ಈ ಮೂರು ತಾಲ್ಲೂಕಿನ ರೋಗಿಗಳು ಯಾವ ಹಂತದಲ್ಲಿ ಬಂದರು, ಮೊದಲ ಲಕ್ಷಣ ಕಂಡು ಎಷ್ಟು ವಾರವಾಗಿತ್ತು ಎಂಬುದನ್ನು ಪ್ರತ್ಯೇಕವಾಗಿ ದಾಖಲಿಸಿದರೆ ಈ ವಾದವನ್ನು ಪರೀಕ್ಷಿಸಬಹುದು. ಅಲ್ಲಿಯವರೆಗೆ ಆಶಾ ಕಾರ್ಯಕರ್ತೆ ತನ್ನ ನಮೂನೆಯ ಬಾಯಿಯ ಪ್ರಶ್ನೆಗಳನ್ನು ಮೊದಲು ಕೇಳಲಿ, ‘ಹೌದು’ ಎಂದವರನ್ನು ಅದೇ ವಾರ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರ ಬಳಿಗೆ ಕಳಿಸಲಿ.