ರೂಟರ್ ಪುರಾಣ: ಮುದುಕಿಯ ಹಲ್ಲಿನಿಂದ ಇಪ್ಪತ್ನಾಲ್ಕು ಸಾವಿರ ಸುತ್ತಿನವರೆಗೆ

ರೂಟರ್ ಅಂದ ಕೂಡಲೇ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ನೆನಪಾಗೋದು ಮಿಣಮಿಣ ದೀಪದ ಇಂಟರ್ನೆಟ್ ಡಬ್ಬಿ. ಬಡಗಿಯ ರೂಟರ್ ಬೇರೆ. ಡಬ್ಬಿಯದು ದಾರಿ ಎಂಬರ್ಥದ 'ರೂಟ್'ನಿಂದ ಬಂದ ಹೆಸರು. ಬಡಗಿಯದು ಹಂದಿ ಮೂತಿಯಿಂದ ನೆಲ ಕೆದಕುವುದಕ್ಕೆ ಇಂಗ್ಲಿಷಿನಲ್ಲಿರುವ 'ರೌಟ್' ಎಂಬ ಪದದಿಂದ. ಹೆಸರಿಗೆ ತಕ್ಕ ಕೆಲಸ, ಮರ ಕೆದಕೋದು :)

ಡ್ರಾಯರಿಗೆ ತಳ ಸಿಕ್ಕಿಸಲು, ಕಪಾಟಿನಲ್ಲಿ ಹಲಗೆ ಕೂರಿಸಲು ಮರದಲ್ಲಿ ಸಣ್ಣ ಕಾಲುವೆ ತೋಡಬೇಕು. ಅದೇ ಗ್ರೂವ್. ಲಂಡನ್ನಿನ ಜೋಸೆಫ್ ಮಾಕ್ಸನ್ 1678ರಿಂದ ಕಂತುಗಳಲ್ಲಿ ಹೊರತಂದ ಕುಶಲಕರ್ಮಿಗಳ ಕೈಪಿಡಿಯಲ್ಲಿ ಇದಕ್ಕೆಂದೇ ಇದ್ದ 'ಪ್ಲೌ' ಎಂಬ ಹತ್ತರಿಯ ವಿವರಣೆ ಇದೆ. ಪ್ಲೌ ಅಂದರೆ ನೇಗಿಲು! ಹಲಗೆಯ ಅಂಚಿಗೆ ತಾಗಿ ಸರಿಯುವ ಒಂದು ಪಟ್ಟಿ ಅದನ್ನು ದಾರಿ ತಪ್ಪದಂತೆ ಹಿಡಿಯುತ್ತಿತ್ತು. ಎಳೆಗೆ ಅಡ್ಡವಾಗಿ ತೋಡುವಾಗ ಮೊದಲು ಗರಗಸದ ಎರಡು ಗೆರೆ, ಆಮೇಲೆ ಉಳಿ, ಕೊನೆಗೆ ತಳ ಸಮ ಮಾಡಲು ಇನ್ನೊಂದು ಹತ್ತರಿ. ಮರದ ಮೈಯಿಂದ ಒಂಟಿ ಅಲಗು ಚಾಚಿಕೊಂಡಿದ್ದ ಇದನ್ನು ಇಂಗ್ಲೆಂಡಿನ ಬಡಗಿಗಳು ಕರೆದದ್ದು 'ಮುದುಕಿಯ ಹಲ್ಲು' ಅಂತ. ಇವುಗಳದ್ದು ಒಂದು ದೊಡ್ಡ ಗುಣ: ಕೈ ನಿಂತರೆ ಅಲಗೂ ನಿಲ್ಲುತ್ತಿತ್ತು.

1915ರಲ್ಲಿ ಅಮೆರಿಕದ ಆಸ್ಕರ್ ಆನ್ಸ್‌ರುಡ್ ಮತ್ತು ಮಗ ರೂಡಿ, ಗಾಳಿಯ ಒತ್ತಡದಿಂದ ನಿಮಿಷಕ್ಕೆ 30,000 ಸುತ್ತು ತಿರುಗುವ ಕೈ ರೂಟರ್ ಮಾಡಿದರು. ಮೊದಲ ಮಹಾಯುದ್ಧದ ಕಾಲದಲ್ಲೇ ಆರ್. ಎಲ್. ಕಾರ್ಟರ್ ಎಂಬಾತ ಕ್ಷೌರಿಕರ ವಿದ್ಯುತ್ ಕ್ಲಿಪ್ಪರಿನ ಗೇರನ್ನೇ ಅಲಗು ಮಾಡಿ ಮೋಟಾರಿಗೆ ಸಿಕ್ಕಿಸಿದನೆಂಬ ಕಥೆ ಇದೆ. ಆತನ ಉದ್ಯಮವನ್ನು 1929ರಲ್ಲಿ ಸ್ಟ್ಯಾನ್ಲಿ ಕಂಪನಿ ಕೊಂಡಿತು.

ಅಲ್ಲಿಗೆ ಲೆಕ್ಕ ಬದಲಾಯಿತು. 12 ಮಿಲಿಮೀಟರ್ ಬಿಟ್ 24,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 54 ಕಿಲೋಮೀಟರ್. 50 ಮಿಲಿಮೀಟರ್ ಬಿಟ್ ಆದರೆ 226! ದೊಡ್ಡ ಬಿಟ್ ಹಾಕಿದಾಗ ವೇಗ ಇಳಿಸಬೇಕು ಅನ್ನೋದು ಇದಕ್ಕೇ. ಈಗ ಕೈ ನಿಂತರೂ ಅಲಗು ನಿಲ್ಲುವುದಿಲ್ಲ.

ಹಲಗೆಯ ನಡುವೆ ಶುರುವಾಗಿ ನಡುವೆಯೇ ಮುಗಿಯುವ ಗ್ರೂವ್ ಇನ್ನೂ ಕಷ್ಟ. ಹಳೇ ರೂಟರ್‌ಗಳನ್ನು ಓರೆ ಹಿಡಿದು, ತಿರುಗುತ್ತಿರುವ ಬಿಟ್ಟನ್ನು ಮರಕ್ಕೆ ಇಳಿಸಬೇಕಿತ್ತು. 1949ರ ಸುಮಾರಿಗೆ ಜರ್ಮನಿಯ ಎಲು ಕಂಪನಿ ಪ್ಲಂಜ್ ರೂಟರ್ ತಂದಿತು. ಎರಡು ಕಂಬಗಳ ಮೇಲೆ ಸ್ಪ್ರಿಂಗ್; ಒತ್ತಿದರೆ ಬಿಟ್ ನೇರ ಇಳಿಯುತ್ತದೆ, ಲಾಕ್ ಬಿಟ್ಟರೆ ತಾನೇ ಮೇಲೆ ಬರುತ್ತದೆ. ನನ್ನ ಪ್ರಕಾರ ಈ ಇಡೀ ಚರಿತ್ರೆಯಲ್ಲಿ ಬೆರಳುಗಳಿಗೆ ಸಿಕ್ಕ ಅತಿ ದೊಡ್ಡ ಉಪಕಾರ ಇದೇ.

ಆದರೆ ಮಾಕ್ಸನ್ ಕಾಲದ ಆ ಪಟ್ಟಿ ಮಾತ್ರ ಇವತ್ತಿಗೂ ಬೇಕು. ಮೇಲಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಾಗಾಗಿ ರೂಟರನ್ನು ಮುಂದಕ್ಕೆ ತಳ್ಳುವಾಗ ಅದು ಎಡಕ್ಕೆ ಎಳೆಯುತ್ತದೆ. ಹಲಗೆಗೆ ಬಿಗಿದ ನೇರ ಪಟ್ಟಿ ನಿಮ್ಮ ಎಡಕ್ಕಿದ್ದರೆ ಆ ಎಳೆತವೇ ರೂಟರನ್ನು ಪಟ್ಟಿಗೆ ಒತ್ತಿ ಹಿಡಿಯುತ್ತದೆ. ಹಲಗೆಯ ಅಂಚಿಗೆ ತಾಗಿ ಬರುವ, ರೂಟರಿಗೇ ಜೋಡಿಸಿದ ಗೈಡ್ ಆದರೆ ಅದು ಬಲಕ್ಕಿರಬೇಕು. ಉಲ್ಟಾ ಮಾಡಿದರೆ ಗೆರೆ ಸೊಟ್ಟ, ಕೈಗೂ ಅಪಾಯ. ಆಳವನ್ನೂ ಒಂದೇ ಸಲಕ್ಕೆ ತೋಡಬಾರದು. ಸಲಕ್ಕೆ ಮೂರ್ನಾಲ್ಕು ಮಿಲಿಮೀಟರ್ ಸಾಕು. ಹಲಗೆಯನ್ನು ಕ್ಲಾಂಪಿನಿಂದ ಬಿಗಿಯಿರಿ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇರಲಿ, ಬಿಟ್ ಬದಲಿಸುವ ಮುಂಚೆ ಪ್ಲಗ್ ಕಿತ್ತಿಡಿ.

ಯಂತ್ರ ಕೊಂಡವರಿಗೆ ಸ್ವಿಚ್ ಎಲ್ಲಿದೆ ಅನ್ನೋದು ಮೊದಲ ದಿನವೇ ಗೊತ್ತಾಗುತ್ತದೆ. ಎಳೆತ ಯಾವ ಕಡೆಗೆ ಅನ್ನೋದು ಸ್ವಿಚ್ ಒತ್ತುವ ಮೊದಲೇ ಗೊತ್ತಿರಬೇಕು.

ಅಂದ ಹಾಗೆ, ನಿಮ್ಮೂರಿನ ಬಡಗಿಗಳು ಈ ಗ್ರೂವ್‌ಗೆ ಏನಂತಾರೆ? ಊರಿಗೊಂದು ಪದ ಇದ್ದೇ ಇರುತ್ತದೆ. ಗೊತ್ತಿದ್ದರೆ ತಿಳಿಸಿ, ಕೂಡಿಸಿಡೋಣ.