ಅಂಕಿತ ಬಿದ್ದ ಮೇಲಿನ ಹೊಣೆ

ದಕ್ಷಿಣ ಕೊಡಗಿನ ಹುದಿಕೇರಿಯಿಂದ ಪೂರ್ವಕ್ಕೆ ನಾಗರಹೊಳೆಯ ಕಾಡು ದಾಟಿದರೆ ಹೆಗ್ಗಡದೇವನಕೋಟೆ ಸೀಮೆ. ಇಂದು ಎರಡೂ ಕಡೆ ಒಂದೇ ರಾಜ್ಯ, ಒಂದೇ ಕಾನೂನು. 1894ರಲ್ಲಿ ಹಾಗಿರಲಿಲ್ಲ. ಆ ವರ್ಷ ಹತ್ತನೆಯ ಚಾಮರಾಜ ಒಡೆಯರ ಮೈಸೂರು ಸಂಸ್ಥಾನದಲ್ಲಿ ಶಿಶುವಿವಾಹ ತಡೆಯುವ ಶಾಸನ ಜಾರಿಗೆ ಬಂತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವುದೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಕಟ್ಟಿಕೊಳ್ಳುವುದೂ ಅಪರಾಧವಾದವು. ಕಾಡಿನ ಈಚೆಗೆ ಆ ಶಾಸನ ಬರಲಿಲ್ಲ. 1834ರಲ್ಲಿ ಇಲ್ಲಿನ ಅರಸ ಚಿಕ್ಕವೀರರಾಜನನ್ನು ಇಳಿಸಿದ ಮೇಲೆ ಕೊಡಗು ಬ್ರಿಟಿಷರ ನೇರ ಆಳ್ವಿಕೆಯಲ್ಲಿತ್ತು. ಮದುವೆಗೆ ಕನಿಷ್ಠ ವಯಸ್ಸನ್ನು ಕಾನೂನೇ ಗೊತ್ತುಮಾಡಲು ಇಲ್ಲಿ ಶಾರದಾ ಕಾಯಿದೆಯವರೆಗೆ ಕಾಯಬೇಕಾಯಿತು. ಅದಕ್ಕೆ ಗವರ್ನರ್ ಜನರಲ್‌ರ ಅಂಕಿತ ಬಿದ್ದದ್ದು 1929ರ ಅಕ್ಟೋಬರ್ 1ರಂದು. ಜಾರಿಯಾದದ್ದು 1930ರ ಏಪ್ರಿಲ್ 1ರಿಂದ. ಹುಡುಗಿಗೆ 14, ಹುಡುಗನಿಗೆ 18 ಎಂದು ಅದು ಗೆರೆ ಎಳೆಯಿತು.

ಈ ಮೂವತ್ತೈದು ವರ್ಷಗಳ ಅಂತರ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ: ಮಗುವಿನ ರಕ್ಷಣೆ, ಆ ಮಗು ಯಾರ ಅಂಕಿತದ ವ್ಯಾಪ್ತಿಯಲ್ಲಿ ಹುಟ್ಟಿತು ಎಂಬುದರ ಮೇಲೆ ನಿಲ್ಲಬಾರದು. ಕೊಡವರಲ್ಲಿ ಪ್ರಾಯಕ್ಕೆ ಬಂದ ಮೇಲೆ ಮದುವೆಯಾಗುವುದೇ ರೂಢಿ, ಆದ್ದರಿಂದ ಇಲ್ಲಿ ಅಂಥ ಕಾನೂನಿನ ಅಗತ್ಯವೇ ಇರಲಿಲ್ಲ ಎನ್ನುವವರಿದ್ದಾರೆ. ರೂಢಿಯ ಮಾತು ನಿಜ, ಹೆಮ್ಮೆಯದೂ ಹೌದು. ಆದರೆ ಹುದಿಕೇರಿಯಂಥ ನಾಡಿನಲ್ಲಿ ಒಕ್ಕಲು ಮನೆತನಗಳ ಜೊತೆಗೆ ಎರವರು, ಜೇನುಕುರುಬರು, ಕಾಫಿ ತೋಟದ ಕೆಲಸಕ್ಕೆ ಬೇರೆ ಊರುಗಳಿಂದ ಬಂದವರು ಬದುಕಿದ್ದಾರೆ. ಒಂದು ಸಮುದಾಯದ ಒಳ್ಳೆಯ ರೂಢಿ ಮತ್ತೊಂದರ ಮಗುವಿಗೆ ಕಾವಲಾಗುವುದಿಲ್ಲ. ಎಲ್ಲ ಮಕ್ಕಳನ್ನೂ ಸಮವಾಗಿ ಕಾಯಲು ಕಾನೂನೇ ಬೇಕು.

ಕಾಗದದ ಮೇಲಿನ ಕಾನೂನಿನಿಂದ ಏನಾದೀತು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 1894ರ ಶಾಸನದ ಎಂಟು ವರ್ಷದ ಮಿತಿ ತೀರ ಕಡಿಮೆ. ಶಾರದಾ ಕಾಯಿದೆ ಶಿಕ್ಷೆ ಹೇಳಿತೇ ಹೊರತು ನಡೆದುಹೋದ ಮದುವೆಯನ್ನು ಅಸಿಂಧುಗೊಳಿಸಲಿಲ್ಲ. 2006ರ ಕೇಂದ್ರ ಕಾಯಿದೆ ಕೂಡ ಮದುವೆ ರದ್ದುಪಡಿಸಲು ಆ ಹುಡುಗಿಯೋ ಹುಡುಗನೋ ನ್ಯಾಯಾಲಯದ ಮೆಟ್ಟಿಲು ಹತ್ತಬೇಕೆಂದಿತು. ಆದರೂ ಪ್ರತಿ ಹೆಜ್ಜೆ ಮುಂದಿನದಕ್ಕೆ ನೆಲೆಯಾಯಿತು. ಮಗುವಿನ ಮದುವೆ ಮನೆಯೊಳಗಿನ ವಿಷಯ, ಸರ್ಕಾರಕ್ಕೆ ಅಲ್ಲಿ ಕೆಲಸವಿಲ್ಲ ಎಂಬ ವಾದ ಮೈಸೂರಿನಲ್ಲಿ ಸೋತದ್ದರಿಂದಲೇ ಮುಂದಿನ ಬೇಡಿಕೆಗಳಿಗೆ ದಾರಿಯಾಯಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ಬಾಲ್ಯವಿವಾಹ ತಡೆಯುವ ಬಗ್ಗೆ ವರದಿ ಕೊಟ್ಟಿತು. ಬಳಿಕ ಕರ್ನಾಟಕದ ವಿಧಾನಮಂಡಲ ಕೇಂದ್ರ ಕಾಯಿದೆಗೆ ತನ್ನದೇ ತಿದ್ದುಪಡಿ ತಂದಿತು. ಸಮವರ್ತಿ ಪಟ್ಟಿಯ ವಿಷಯದಲ್ಲಿ ಕೇಂದ್ರದ ಕಾಯಿದೆಗಿಂತ ಭಿನ್ನವಾದ ನಿಯಮ ರಾಜ್ಯದಲ್ಲಿ ನಡೆಯಬೇಕಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. 2017ರ ಏಪ್ರಿಲ್ 20ರಂದು ಅದು ದೊರೆಯಿತು. ಆ ತಿದ್ದುಪಡಿಯಿಂದಾಗಿ ಈ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಮಾದರಿಯನ್ನು ಬೇರೆ ರಾಜ್ಯಗಳೂ ಅನುಸರಿಸಲಿ ಎಂಬ ಆಶಯ ವ್ಯಕ್ತಪಡಿಸಿತು.

ಒಡೆಯರ ಕಾಲದಿಂದ ರಾಷ್ಟ್ರಪತಿಗಳ ಅಂಕಿತದವರೆಗಿನ ಈ ಚರಿತ್ರೆಯನ್ನು ಆಳುವವರ ಔದಾರ್ಯದ ಕಥೆಯಾಗಿ ಓದುವುದು ತಪ್ಪು. ಅಂಕಿತ ಮಸೂದೆಯನ್ನು ಕಾನೂನಾಗಿಸುತ್ತದೆ. ಕಾನೂನನ್ನು ಮಗುವಿನ ಬಳಿಗೆ ತಲುಪಿಸುವವರು ಶಾಲೆಯ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿ, ನೆರೆಮನೆಯವರು. ನಿಮ್ಮ ಊರಿನಲ್ಲಿ ಅಂಥ ಮದುವೆಯ ಸುಳಿವು ಸಿಕ್ಕರೆ ಸುಮ್ಮನಿರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.